ಐದು ಸಾಲಿನ ಚೀಟಿ, ಐದು ಲೋಹದ ವಿಗ್ರಹ

ಶಾಸನದ ಪಾಠ ಕೊಡುವಾಗ ನಾವೆಲ್ಲ ಎಷ್ಟು ಹುಷಾರಾಗಿರುತ್ತೇವೆ! ಒಂದಕ್ಷರ ಸವೆದಿದ್ದರೂ ಚೌಕ ಕಂಸ ಹಾಕಿ ‘ಇದು ಊಹೆ’ ಅಂತ ತೋರಿಸುತ್ತೇವೆ. ಅದೇ ಶಾಸನ ಎರಕದ ವಿಗ್ರಹದ ಪೀಠದ ಮೇಲಿದ್ದರೆ, ಅಕ್ಷರಕ್ಕೆ ಕಂಸ ಹಾಕಿ, ವಿಗ್ರಹಕ್ಕೆ ಮಾತ್ರ ಕಣ್ಣು ಮುಚ್ಚಿಕೊಂಡು ‘ಪಂಚಲೋಹ’ ಎಂದು ಬರೆದುಬಿಡುತ್ತೇವೆ. ಮ್ಯೂಸಿಯಂ ಫಲಕದಲ್ಲೂ ಅದೇ, ಕಳವಿನ ವರದಿಯಲ್ಲೂ ಅದೇ. ಈ ಪದದ ಬಗ್ಗೆ ನನಗೆ ಬಹಳ ದಿನದಿಂದ ತಕರಾರಿದೆ. ಈಗ ಬರೆಯಲು ಕಾರಣ ಒಂದು ಚೀಟಿ.

ಪರಿಚಯದವರ ಮನೆಯಲ್ಲಿ ಒಂದು ಚಿಕ್ಕ ವೇಣುಗೋಪಾಲ ಇದ್ದಾನೆ. ಗಟ್ಟಿ ಎರಕ, ಪೀಠದಲ್ಲಿ ಎರಡು ಸಾಲು ಕನ್ನಡ ಅಕ್ಷರ. ಮನೆ ಪಾಲಾಗುತ್ತಿದೆ. ಯಾರೋ ಅದನ್ನು ಚಿನ್ನದಂಗಡಿಯ ಎಕ್ಸ್‌ಆರ್‌ಎಫ್ ಯಂತ್ರದ ಕೆಳಗೆ ಇಟ್ಟು ಚೀಟಿ ತಂದರು: ತಾಮ್ರ 71.2, ಸತು 24.6, ಸೀಸ 2.9, ಕಬ್ಬಿಣ 0.7, ಚಿನ್ನ 0.6. ಐದು ಸಾಲು, ಐದು ಲೋಹ. ಮೊತ್ತ ಕರಾರುವಾಕ್ಕಾಗಿ ನೂರು. ‘ಪಂಚಲೋಹ ಅಂತ ಯಂತ್ರವೇ ಹೇಳಿತಲ್ಲ’ ಎಂದು ಮನೆಯವರಿಗೆ ಖುಷಿ. ಆಮೇಲೆ ಲೆಕ್ಕ ಶುರುವಾಯಿತು. ವಿಗ್ರಹದ ತೂಕ 1,240 ಗ್ರಾಂ, ಅದರಲ್ಲಿ 0.6 ಅಂದರೆ ಸುಮಾರು ಏಳೂವರೆ ಗ್ರಾಂ ಚಿನ್ನ. ಕರಗಿಸಿ ಪಾಲು ಮಾಡೋಣ ಎಂಬ ಮಾತೂ ಬಂದಿದೆ. ಹಾಗಾಗಿ ಈ ಚೀಟಿಯನ್ನು ಒಂದು ಶಾಸನಪಾಠದಂತೆ ಓದುವುದು ಅನಿವಾರ್ಯ.

ಮೊದಲನೆಯದಾಗಿ, ಮೊತ್ತ ನೂರು ಬಂದದ್ದು ನಿಖರತೆಯ ಗುರುತಲ್ಲ. ಯಂತ್ರ ತನಗೆ ಗೊತ್ತಿರುವ ಧಾತುಗಳನ್ನಷ್ಟೇ ಎಣಿಸಿ, ಅವುಗಳ ಮೊತ್ತ ನೂರಾಗುವಂತೆ ಹೊಂದಿಸುತ್ತದೆ. ಇದರಲ್ಲಿ ತವರದ ಸಾಲೇ ಇಲ್ಲ. ತವರ ಇಲ್ಲವೋ, ಯಂತ್ರ ಹುಡುಕಲಿಲ್ಲವೋ? ಒಡವೆಯ ಚಿನ್ನ ಅಳೆಯಲು ಹೊಂದಿಸಿದ ಯಂತ್ರ ತಾಮ್ರದ ಮಿಶ್ರಲೋಹವನ್ನೂ ಅದೇ ಕಣ್ಣಿನಿಂದ ನೋಡುತ್ತದೆ.

ಈಗ ಆ 0.6. ಎಕ್ಸ್‌ಆರ್‌ಎಫ್‌ನಲ್ಲಿ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣ ಹೊಮ್ಮಿಸುತ್ತದೆ, ಅದೇ ಅದರ ಸಹಿ. ಚಿನ್ನದ ಮುಖ್ಯ ಸಹಿ 9.71 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ. ಸತುವಿಗೆ ಎರಡು ಸಹಿ, ಮೊದಲನೆಯದು 8.64ರಲ್ಲಿ, ಎರಡನೆಯದು 9.57ರಲ್ಲಿ. ನೋಡಿ, 9.57 ಮತ್ತು 9.71. ಅಗ್ಗದ ಡಿಟೆಕ್ಟರ್‌ಗೆ ಇವೆರಡನ್ನೂ ಬಿಡಿಸಿ ನೋಡುವ ಶಕ್ತಿ ಇರುವುದಿಲ್ಲ. ವಿಗ್ರಹದಲ್ಲಿ ಕಾಲು ಭಾಗ ಸತು ಇರುವಾಗ ಅದರ ಬಾಲವನ್ನೇ ಯಂತ್ರ ಚಿನ್ನದ ಲೆಕ್ಕಕ್ಕೆ ಬರೆದಿರಬಹುದು. ಹಳೆಗನ್ನಡ ಲಿಪಿಯಲ್ಲಿ ಪ ಮತ್ತು ವ ಒಂದೇ ತರಹ ಕಾಣುವಾಗ ಓದುಗ ತನಗೆ ಬೇಕಾದ್ದನ್ನು ಓದಿಕೊಳ್ಳುತ್ತಾನಲ್ಲ, ಹಾಗೆ. ಪರಿಹಾರ ಸುಲಭ: ಚಿನ್ನಕ್ಕೆ 11.44ರಲ್ಲೂ ಒಂದು ಸಹಿ ಇದೆ, ಅಲ್ಲಿ ಸತುವಿನ ಕಾಟ ಇಲ್ಲ. ಚೀಟಿ ಬೇಡ, ರೇಖಾಚಿತ್ರವನ್ನೇ ಕೊಡಿ ಎಂದು ಕೇಳಬೇಕು. 11.44ರಲ್ಲಿ ಶಿಖರ ಇದ್ದರೆ ಚಿನ್ನ ಇದೆ; ಇಲ್ಲದಿದ್ದರೆ ಏಳೂವರೆ ಗ್ರಾಂ ಕೂಡ ಇಲ್ಲ. (ಸೀಸ ಮತ್ತು ಆರ್ಸೆನಿಕ್‌ಗೂ 10.5ರ ಬಳಿ ಇದೇ ಜಗಳ. ಹಳೆಯ ತಾಮ್ರದಲ್ಲಿ ಆರ್ಸೆನಿಕ್ ಇದೆ ಎಂಬ ವರದಿ ಕಂಡಾಗಲೂ ಇದೇ ಪ್ರಶ್ನೆ ಕೇಳಿ.)

ಶಿಖರ ಇದ್ದರೂ ಅದು ಎರಕದೊಳಗಿನ ಚಿನ್ನ ಎಂದು ಹೇಳಲಾಗದು. ಈ ಕಿರಣಗಳು ಹೊರಬರುವುದು ಕೂದಲೆಳೆಯ ದಪ್ಪಕ್ಕಿಂತ ತೆಳುವಾದ ಮೇಲ್ಪದರದಿಂದ. ಒಂದು ಕಾಲದಲ್ಲಿ ಬಳಿದ ಚಿನ್ನದ ಲೇಪ ಮಡಿಕೆಗಳಲ್ಲಿ ಉಳಿದಿರಬಹುದು. ವರ್ಷಗಟ್ಟಲೆ ಹುಣಸೆಹಣ್ಣಿನಲ್ಲಿ ಉಜ್ಜಿದ ಹಿತ್ತಾಳೆಯ ಮೈಯಲ್ಲಿ ಸತು ಕಡಿಮೆಯಾಗಿ ತಾಮ್ರ ಹೆಚ್ಚಾಗಿ ಕಾಣುತ್ತದೆ. 0.7 ಕಬ್ಬಿಣವಂತೂ ಮಣ್ಣಿನಿಂದಲೋ, ತಾಮ್ರದ ಅದಿರಿನಿಂದಲೋ ಬಂದಿರಬಹುದು. ಅದನ್ನು ಎಣಿಸಿ ಐದು ಮಾಡುವುದು ಜಾತಕ ಹೊಂದಿಸಿದ ಹಾಗೆ.

ನೀರಿನಲ್ಲಿ ತೂಗಿದ್ದೂ ಆಯಿತು. ನೀರಿನೊಳಗೆ 1,094 ಗ್ರಾಂ, ಅಂದರೆ ಸಾಂದ್ರತೆ 8.49. ಗಾಳಿಗುಳ್ಳೆಗಳಿರುವ ಹಿತ್ತಾಳೆ ಎರಕಕ್ಕೆ ಇದು ಸರಿಯಾಗಿಯೇ ಹೊಂದುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಸತು, ಸೀಸ ಸಮಪಾಲು ಇದ್ದರೆ ಸಾಂದ್ರತೆ 10.3ರ ಹತ್ತಿರ ಬರಬೇಕಿತ್ತು, ಮನೆಯವರ ಕೈಗೆ ಕಾಲು ಕಿಲೋ ಚಿನ್ನವೂ ಬರುತ್ತಿತ್ತು! ಆದರೆ ನ್ಯಾಯವಾಗಿ ಹೇಳಬೇಕು: ನೂರಕ್ಕೆ ಒಂದು ಪಾಲು ಚಿನ್ನ ಸೇರಿದರೆ ಸಾಂದ್ರತೆ ಏರುವುದು ಬರೀ 0.05. ಎರಕದ ಗುಳ್ಳೆಗಳೇ ಅದನ್ನು ನುಂಗಿಹಾಕುತ್ತವೆ. ಹಾಗಾಗಿ ತಕ್ಕಡಿ ‘ಬಹಳ ಚಿನ್ನ’ವನ್ನು ತಳ್ಳಿಹಾಕುತ್ತದೆ, ‘ಚಿಟಿಕೆ ಚಿನ್ನ’ವನ್ನಲ್ಲ. ಚಿಟಿಕೆ ಹಾಕುವ ಪದ್ಧತಿ ಇದೆ ಕೂಡ. ಸ್ವಾಮಿಮಲೈ ಸ್ಥಪತಿಗಳ ಬಳಿ ಇವತ್ತಿಗೂ ವಿಗ್ರಹ ಮಾಡಿಸುವವರು ಕರಗಿದ ಲೋಹಕ್ಕೆ ಒಂದಿಷ್ಟು ಚಿನ್ನ, ಬೆಳ್ಳಿ ಹಾಕುತ್ತಾರೆ. ಅದು ಭಕ್ತಿ, ಲೋಹಶಾಸ್ತ್ರವಲ್ಲ.

ಇನ್ನು ಪದದ ವಿಷಯ. ‘ಪಂಚಲೋಹ’ದಲ್ಲಿ ಚಿನ್ನ ಇದ್ದೇ ಇರಬೇಕು ಎಂದು ಯಾರು ಹೇಳಿದ್ದು? ರಸಶಾಸ್ತ್ರದ ‘ರಸರತ್ನಸಮುಚ್ಚಯ’ ವರ್ತಲೋಹ ಎಂಬ ಮಿಶ್ರಣಕ್ಕೇ ಪಂಚಲೋಹ ಎಂದು ಹೆಸರು ಕೊಡುತ್ತದೆ. ಅದರಲ್ಲಿ ಬರುವುದು ಕಂಚು, ತಾಮ್ರ, ಹಿತ್ತಾಳೆ, ಕಬ್ಬಿಣ, ಸೀಸ. ಚಿನ್ನದ ಸುಳಿವೇ ಇಲ್ಲ. ಕಲ್ಯಾಣದ ಚಾಲುಕ್ಯ ಸೋಮೇಶ್ವರ 3ನೆಯವನ ‘ಮಾನಸೋಲ್ಲಾಸ’ ಮೇಣದ ಅಚ್ಚಿನ ಎರಕವನ್ನು ವಿವರಿಸುವಾಗ, ಮೇಣ ತೂಗಿ ಅದರ ಎಷ್ಟು ಪಟ್ಟು ಲೋಹ ಬೇಕು ಎಂದು ಹೇಳುತ್ತದೆ. ಹಿತ್ತಾಳೆ, ತಾಮ್ರ, ಬೆಳ್ಳಿ, ಚಿನ್ನ, ಒಂದೊಂದಕ್ಕೂ ಲೆಕ್ಕ ಹೇಳುತ್ತದೆ: ಬೆಳ್ಳಿಗೆ 12 ಪಟ್ಟು, ಚಿನ್ನಕ್ಕೆ 16. ಶುದ್ಧ ಚಿನ್ನಕ್ಕೆ ಸುಮಾರು 20 ಬೇಕಲ್ಲ ಎಂದು ನನ್ನೊಳಗಿನ ಎಂಜಿನಿಯರ್ ಗೊಣಗುತ್ತಾನೆ. ಬೆರಕೆ ಚಿನ್ನ ಇದ್ದೀತು. ಇರಲಿ.

ನಮ್ಮ ಕ್ಷೇತ್ರದ ಸಾಕ್ಷಿ ಇದಕ್ಕಿಂತ ಗಟ್ಟಿ. ತಂಜಾವೂರಿನ ಬೃಹದೀಶ್ವರದ ಗೋಡೆಗಳ ಮೇಲೆ ರಾಜರಾಜ ಚೋಳ ಕೊಟ್ಟ ವಿಗ್ರಹಗಳ ಪಟ್ಟಿ ಇದೆ. ಅಲ್ಲಿ ಒಡವೆಗಳ ಚಿನ್ನವನ್ನು ಆಡವಲ್ಲಾನ್ ಎಂಬ ತೂಕದ ಕಲ್ಲಿನಿಂದ ತೂಗಿ ಕೞಂಜು, ಮಂಜಾಡಿ, ಕುನ್ರಿಯವರೆಗೆ ಬರೆಸಿದ್ದಾರೆ. ಮುತ್ತುಗಳನ್ನು ಎಣಿಸಿ ಬರೆಸಿದ್ದಾರೆ. ಚಿನ್ನದ ವಿಗ್ರಹಕ್ಕೆ ಬೇರೆ ಲೆಕ್ಕ. ಎರಕದ ವಿಗ್ರಹಗಳಿಗೆ ಎತ್ತರದ ಅಳತೆ, ಲೋಹ ಮಾತ್ರ ‘ಚೆಪ್ಪು’, ಅಂದರೆ ತಾಮ್ರ. ಗುಲಗಂಜಿಯಷ್ಟು ಚಿನ್ನಕ್ಕೂ ಲೆಕ್ಕ ಇಟ್ಟ ಅರಸು, ವಿಗ್ರಹದ ಲೋಹದಲ್ಲಿ ಚಿನ್ನ ಬೆರೆಸಿದ್ದರೆ ಸುಮ್ಮನಿರುತ್ತಿದ್ದನೇ? ಬೆಂಗಳೂರಿನ ಶಾರದಾ ಶ್ರೀನಿವಾಸನ್ ಅವರು ನೂರಕ್ಕೂ ಹೆಚ್ಚು ದಕ್ಷಿಣ ಭಾರತದ ಲೋಹವಿಗ್ರಹಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಅವರು ಕಂಡಂತೆ ಹೆಚ್ಚಿನವು ತವರ, ಸೀಸ ಸೇರಿದ ತಾಮ್ರ. ಚಿನ್ನ, ಬೆಳ್ಳಿ ಬಂದರೂ ಲೇಶಮಾತ್ರ.

‘ಕಂಚಿನ ವಿಗ್ರಹ’ ಎಂಬ ನಮ್ಮ ಮಾತೂ ಸಡಿಲವೇ. ಗಂಟೆ, ತಟ್ಟೆಯ ಕಂಚಿನಲ್ಲಿ ತವರ ಐದರಲ್ಲೊಂದು ಪಾಲಿಗೂ ಹೆಚ್ಚು. ಬಡಿದರೆ ನಾದ, ಬಿದ್ದರೆ ಚೂರು. ವಿಗ್ರಹದ ಎರಕಕ್ಕೆ ಅಷ್ಟು ತವರ ಹಾಕುವುದಿಲ್ಲ.

ಕಾಲದ ಪ್ರಶ್ನೆಗೆ ಸತು ಸ್ವಲ್ಪ ಸಹಾಯ ಮಾಡುತ್ತದೆ. ಸತು 907 ಡಿಗ್ರಿಯಲ್ಲೇ ಆವಿಯಾಗುತ್ತದೆ. ಹಳೆಯ ವಿಧಾನದಲ್ಲಿ ಅದರ ಅದಿರನ್ನೇ ತಾಮ್ರದ ಜೊತೆ ಮುಚ್ಚಿದ ಮೂಸೆಯಲ್ಲಿ ಕಾಯಿಸುತ್ತಿದ್ದರು. ಹಾಗೆ ಸೇರುವ ಸತು ಸುಮಾರು 28ಕ್ಕೆ ನಿಲ್ಲುತ್ತದೆ. ಅದನ್ನು ಮೀರಿದರೆ ಲೋಹರೂಪದ ಸತು ಬಳಸಿದ್ದಾರೆ ಎಂದರ್ಥ. ನಮ್ಮ 24.6 ಮಿತಿಯೊಳಗಿದೆ, ಆದ್ದರಿಂದ ಏನನ್ನೂ ತೀರ್ಮಾನಿಸುವುದಿಲ್ಲ. ಮೈಯಲ್ಲಿ ಸತು ಸವೆದಿದ್ದರೆ ಒಳಗೆ ಇನ್ನೂ ಹೆಚ್ಚಿರಬಹುದು.

ಪೀಠದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಗೆರೆಗಳ ಅಂಚು ಚೂಪು, ಪಕ್ಕದಲ್ಲಿ ಲೋಹ ಸಣ್ಣಗೆ ಎದ್ದಿದೆ. ಮೇಣದಲ್ಲಿ ಬರೆದು ಎರಕ ಹೊಯ್ದಿದ್ದರೆ ಅಂಚು ದುಂಡಗಿರುತ್ತಿತ್ತು. ಅಂದರೆ ಎರಕ ಆದಮೇಲೆ ಉಳಿಯಿಂದ ಕೊರೆದದ್ದು. ಅಕ್ಷರದ ಕಾಲ ವಿಗ್ರಹದ ಕಾಲವೇ ಆಗಬೇಕಿಲ್ಲ. ಪೀಠ, ಮೂರ್ತಿ ಬೇರೆ ಬೇರೆ ಎರಕವಾಗಿದ್ದರೆ ಲೋಹವೂ ಬೇರೆ ಇರಬಹುದು. ಚೀಟಿ ಯಾವುದರದ್ದು ಎಂದು ಅದರಲ್ಲಿ ಬರೆದಿಲ್ಲ.

ಮನೆಯವರಿಗೆ ಹೇಳಿದ್ದು ಇಷ್ಟು: ಉಜ್ಜಬೇಡಿ, ಕೆರೆಯಬೇಡಿ, ಆಸಿಡ್ ಮುಟ್ಟಿಸಬೇಡಿ. ತಾಮ್ರ ಮಿಶ್ರಲೋಹಕ್ಕೆ ಹೊಂದಿಸಿದ ಯಂತ್ರದಲ್ಲಿ, ಪೀಠದ ತಳದಲ್ಲಿ ಎರಡು ಕಡೆ, ಮೂರ್ತಿಯ ಬೆನ್ನಲ್ಲಿ ಒಂದು ಕಡೆ ಅಳೆಸಿ, ತವರ ಮತ್ತು ಆರ್ಸೆನಿಕ್ ಸೇರಿಸಿ, ರೇಖಾಚಿತ್ರ ಪಡೆಯಿರಿ. ಅಲ್ಲಿಯವರೆಗೆ ನನ್ನ ಕಡತದಲ್ಲಿ ಈ ವಿಗ್ರಹದ ಹೆಸರು: ‘ವೇಣುಗೋಪಾಲ, ಸೀಸ ಬೆರೆತ ಹಿತ್ತಾಳೆ [?], ಮೇಲ್ಮೈ ಅಳತೆ, ಒಂದೇ ಬಿಂದು’.