ಕೂತು ನೋಡುವ ಶಿಲ್ಪ

ಇದು ಕುರ್ಚಿಯೋ ಶಿಲ್ಪವೋ ಎಂಬ ಜಗಳ ಬೇಡ. 1960ರ ದಶಕದ ಕೊನೆಯಿಂದ ಇಟಲಿಯವರು ಮಾಡಿದ ತುಂಟ ಕುರ್ಚಿಗಳನ್ನು ಸವಿಯಬೇಕೆಂದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇದರ ತಮಾಷೆ ಕೂರುವ ಮೊದಲೇ ಮುಗಿಯುತ್ತದೋ, ಕೂತ ಮೇಲೆ ಶುರುವಾಗುತ್ತದೋ?

1970ರ ‘ಜೋ’ ನೋಡಿ. ಬೇಸ್‌ಬಾಲ್ ಆಟಗಾರನ ಚರ್ಮದ ಗ್ಲೌಸು ಸೋಫಾದ ಗಾತ್ರಕ್ಕೆ ಬೆಳೆದಿದೆ. ನಾವು ಕೂರುವುದು ಅಂಗೈಯಲ್ಲಿ. ಹೆಸರು ಬಂದಿದ್ದು ಬೇಸ್‌ಬಾಲ್ ತಾರೆ ಜೋ ಡಿಮಾಜಿಯೊನಿಂದ. ಕಂಡೊಡನೆ ನಗು ಬರುತ್ತದೆ, ನನ್ನ ಮಟ್ಟಿಗೆ ಅಷ್ಟೇ. ಮರುವರ್ಷದ ‘ಪ್ರಾತೋನೆ’ಯ ವರಸೆಯೇ ಬೇರೆ. ಸುಮಾರು ಒಂದು ಮೀಟರ್ ಎತ್ತರದ, ಹಸಿರು ಫೋಮಿನ ದಪ್ಪ ದಪ್ಪ ಹುಲ್ಲೆಸಳುಗಳು. ಎಲ್ಲಿ ಕೂರಬೇಕೆಂಬ ಗುರುತೇ ಇಲ್ಲ. ಧೈರ್ಯ ಮಾಡಿ ಮೈಚೆಲ್ಲಿದರೆ ಎಸಳುಗಳು ಬಾಗಿ ಜಾಗ ಬಿಡುತ್ತವೆ, ಎದ್ದರೆ ಮತ್ತೆ ನೆಟ್ಟಗಾಗುತ್ತವೆ. ಹುಲ್ಲಿನ ಮೇಲೆ ಕೂತವರಿಗೆ ಹುಲ್ಲಿನೊಳಗಿನ ಇರುವೆಯಾದ ಅನುಭವ.

ಇವೆಲ್ಲದರ ನಡುವೆ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಗಯೆಟಾನೊ ಪೆಶೆ 1969ರಲ್ಲಿ ರೂಪಿಸಿದ ‘ಅಪ್ 5’ರ ಎದುರು. ಸ್ನಾನ ಮಾಡುವಾಗ ಕೈಯಲ್ಲಿದ್ದ ಸ್ಪಂಜು ಹಿಂಡಿದರೆ ಕುಗ್ಗಿ, ಬಿಟ್ಟರೆ ಉಬ್ಬುವುದನ್ನು ಕಂಡು ಹೊಳೆದ ಉಪಾಯವಂತೆ. ಫೋಮಿನೊಳಗಿನ ಗಾಳಿಯನ್ನೆಲ್ಲ ಹೀರಿ, ಚಪ್ಪಟೆ ಮಾಡಿ, ಪೊಟ್ಟಣ ಕಟ್ಟಿ ಮಾರುತ್ತಿದ್ದರು. ಮನೆಯಲ್ಲಿ ಬಿಚ್ಚಿದರೆ ಕುರ್ಚಿ ತಾನಾಗಿ ಉಬ್ಬಿ ಮೇಲೇಳುತ್ತಿತ್ತು. (2000ದಿಂದ ಮತ್ತೆ ಬರುತ್ತಿರುವುದಕ್ಕೆ ಈ ಜಾದೂ ಇಲ್ಲ.) ಆಕಾರ ಮಾತ್ರ ಆಟದ್ದಲ್ಲ. ತುಂಬಿದ ಎದೆ, ಅಗಲ ತೊಡೆಗಳ ಹೆಣ್ಣುಮೈ; ಅದಕ್ಕೆ ಕೈದಿಯ ಕಾಲಿಗೆ ಬಿಗಿದ ಗುಂಡಿನಂತೆ ಕಟ್ಟಿದ ಒಂದು ದುಂಡನೆಯ ಕಾಲ್ಮಣೆ. ಹೆಣ್ಣು ಸೆರೆಯಲ್ಲಿದ್ದಾಳೆ ಎಂಬುದು ಪೆಶೆಯ ಮಾತು. ಈಗ ಕೂತು ನೋಡಿ: ಒರಗಿದ್ದು ಅವಳ ಮಡಿಲಿಗೆ, ಕಾಲು ಚಾಚಿದ್ದು ಅವಳನ್ನು ಕಟ್ಟಿಹಾಕಿದ ಗುಂಡಿನ ಮೇಲೆ. ಸುಖವಾಗಿಯೇ ಇದೆ, ಇರುಸುಮುರುಸು ಆಗುವುದೂ ಅದಕ್ಕೇ.

2019ರಲ್ಲಿ ಮಿಲಾನಿನ ಡುವೊಮೊ ಚೌಕದಲ್ಲಿ ಇದನ್ನೇ ಎಂಟು ಮೀಟರ್ ಎತ್ತರಕ್ಕೆ ನಿಲ್ಲಿಸಿ ಮೈಗೆಲ್ಲ ಬಾಣ ಚುಚ್ಚಿದರು. ಹೆಣ್ಣನ್ನು ಮತ್ತೆ ಬರೀ ಬಲಿಪಶುವಾಗಿ ತೋರಿಸಿದ್ದೀರೆಂದು ಸ್ತ್ರೀವಾದಿಗಳು ಪ್ರತಿಭಟಿಸಿದರು. ಅವರ ಸಿಟ್ಟು ನ್ಯಾಯವೇ. ಕುರ್ಚಿಯಲ್ಲಿ ಕೂತವರೂ ತಪ್ಪಿನಲ್ಲಿ ಪಾಲುದಾರರು. ಆದರೆ ಚೌಕದ ದೈತ್ಯಾಕೃತಿಯ ಮೇಲೆ ಯಾರೂ ಕೂರುವಂತಿರಲಿಲ್ಲ, ಹಾಗಾಗಿ ಉಳಿದದ್ದು ಬರೀ ಬಲಿಪಶು.

ಮ್ಯೂಸಿಯಮ್ಮಿನಲ್ಲಿ ಕೂರಲು ಬಿಡುವುದಿಲ್ಲವಲ್ಲ, ಏನು ಮಾಡುವುದು? ಹಿಂಭಾಗಕ್ಕೆ ಹೋಗಿ. ಬೆನ್ನು ಎಲ್ಲಿ ತಾಗುತ್ತದೆ, ಭಾರ ಎಲ್ಲಿಗೆ ಇಳಿಯುತ್ತದೆ, ಏಳುವಾಗ ಕೈ ಊರಲು ಏನಿದೆ ಎಂದು ಊಹಿಸಿ. ಚಿತ್ರದಲ್ಲಿ ನೋಡುವುದಾದರೆ ಯಾರಾದರೂ ಕೂತಿರುವ ಚಿತ್ರವನ್ನೇ ಹುಡುಕಿ. ಅಭ್ಯಾಸಕ್ಕೆ ಬೆಂಗಳೂರಿನ ಐಟಿ ಕಚೇರಿಯ ಬೀನ್ ಬ್ಯಾಗೂ ಆದೀತು. ಅದು 1968ರ ‘ಸಾಕೊ’ ಎಂಬ ಇಟಲಿಯ ಚೀಲದ ವಂಶದ್ದೇ. ಕಾಲಿಲ್ಲ, ಬೆನ್ನಿಲ್ಲ, ಒಳಗೆ ಬರೀ ಥರ್ಮೊಕೋಲ್ ಮಣಿ. ಕೂತವರ ಮೈಯೇ ಅದಕ್ಕೆ ಆಕಾರ.

ಈ ಅಳತೆಗೋಲಿಗೆ ಸಿಗದ ಕುರ್ಚಿಯೂ ಇದೆ: ಅಲೆಸ್ಸಾಂಡ್ರೊ ಮೆಂಡೀನಿಯ 1978ರ ‘ಪ್ರೂಸ್ಟ್’. ಕೂತರೆ ಹಳೇ ಜಮೀನ್ದಾರಿ ಕುರ್ಚಿ, ಅಷ್ಟೇ. ಆದರೆ ಪಾಲ್ ಸಿನ್ಯಾಕನ ಚಿತ್ರದಿಂದ ತಂದ ಬಣ್ಣದ ಚುಕ್ಕೆಗಳು ಬಟ್ಟೆ ದಾಟಿ ಕೆತ್ತನೆಯ ಮರದ ಮೇಲೂ ಹರಡಿ, ಬಟ್ಟೆ ಎಲ್ಲಿ ಮುಗಿಯಿತು ಮರ ಎಲ್ಲಿ ಶುರುವಾಯಿತು ಎಂದು ತಿಳಿಯದಂತೆ ಮಾಡುತ್ತವೆ. ಇದನ್ನು ನಿಂತೇ ನೋಡಿ, ಮೊದಲು ದೂರದಿಂದ, ಆಮೇಲೆ ಚುಕ್ಕೆಗಳು ಬಿಡಿಬಿಡಿಯಾಗುವಷ್ಟು ಹತ್ತಿರದಿಂದ.