ಪಕ್ಕದ ಪಿಟೀಲಿಗೆ ಕಿವಿಗೊಡಿ: ರಸಿಕರಿಗೊಂದು ಕೈಪಿಡಿ

ರುದ್ರಪಟ್ಟಣ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲಿರುವ ಸಣ್ಣ ಊರು. ಸಂಕೇತಿ ಮನೆತನಗಳ ಈ ಹಳ್ಳಿಯಿಂದ ಬಂದ ವಿದ್ವಾಂಸರ ಹೆಸರುಗಳನ್ನು ನೆನೆದರೆ ಆಶ್ಚರ್ಯವಾಗುತ್ತದೆ: ಆರ್.ಕೆ. ಶ್ರೀಕಂಠನ್, ಅವರ ಅಣ್ಣ ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮ ಶಾಸ್ತ್ರಿ, ರುದ್ರಪಟ್ಟಣ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ. ಪದ್ಮನಾಭ ಅವರ ಮುತುವರ್ಜಿಯಿಂದ ಎದ್ದ ಸಪ್ತಸ್ವರ ದೇವತಾ ಧ್ಯಾನ ಮಂದಿರ ತಂಬೂರಿಯ ಆಕಾರದಲ್ಲೇ ಇದೆ. ಏಳು ಸ್ವರಗಳಿಗೆ ಏಳು ದೇವತೆಯರು ಅಲ್ಲಿದ್ದಾರೆ. ಮಂದಿರ ನೋಡಲೆಂದು, ಸಂಗೀತೋತ್ಸವ ಕೇಳಲೆಂದು ಬರುವವರಲ್ಲಿ ಈಗ ಹೊಸಬರೂ ಸೇರಿರುತ್ತಾರೆ. ಮಗಳನ್ನೋ ಮಗನನ್ನೋ ಬೇಸಿಗೆ ರಜೆಯಲ್ಲಿ ಪಿಟೀಲಿನ ಪಾಠಕ್ಕೆ, ಕೀಬೋರ್ಡಿನ ಶಿಬಿರಕ್ಕೆ ಕಳಿಸಿ, ತಾವೂ ಕೇಳಲು ಕಲಿಯಬೇಕೆಂದು ಹೊರಟ ತಂದೆ ತಾಯಂದಿರು ಅವರು. ಈ ಬರಹ ಅವರಿಗಾಗಿ.

ಹೊಸಬರು ಕಚೇರಿಗೆ ಬಂದು ಕೂತರೆ ಕಣ್ಣು, ಕಿವಿ ಎರಡೂ ನಡುವೆ ಕೂತ ಹಾಡುಗಾರರ ಮೇಲೇ ಇರುತ್ತವೆ. ಅದು ಸಹಜ. ಆದರೆ ಹಾಡುಗಾರರ ಪಕ್ಕದಲ್ಲಿ ಕೂತ ಪಿಟೀಲಿನವರಿಂದ ಕೇಳಲು ಶುರುಮಾಡಿ ಎಂದು ನಾನು ಹೇಳುತ್ತೇನೆ. ಇಡೀ ವೇದಿಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಿವಿಗೊಟ್ಟು ಕೂತಿರುವವರು ಅವರೇ. ಅವರು ಹೇಗೆ ಕೇಳುತ್ತಿದ್ದಾರೆ ಎಂಬುದನ್ನು ಹಿಡಿದರೆ ನಾವು ಹೇಗೆ ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ. ಶ್ರೀಕಂಠನ್ ಅವರಂಥ ಹಾಡುಗಾರರಿಗೆ ಗುರುವಾಗಿದ್ದವರಲ್ಲಿ ಪಿಟೀಲು ನುಡಿಸುವ ಅಣ್ಣನೂ ಒಬ್ಬರು ಎಂಬುದನ್ನು ಇಲ್ಲಿ ನೆನೆಯಬೇಕು. ಶ್ರುತಿಶುದ್ಧಿಗೆ, ಸಾಹಿತ್ಯದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುವ ಉಚ್ಚಾರಣೆಗೆ ಹೆಸರಾದ ಶ್ರೀಕಂಠನ್ 1920ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಹಾಡಿದರು.

ಪಶ್ಚಿಮದಲ್ಲಿ ಚೇಂಬರ್ ಮ್ಯೂಸಿಕ್ ಎಂಬ ಒಂದು ಪ್ರಕಾರವಿದೆ. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ. ಕೆಲವೊಮ್ಮೆ ಪಿಯಾನೊ ಜೊತೆಗೂಡುತ್ತದೆ. ಕೋಲು ಹಿಡಿದು ಮುಂದೆ ನಿಲ್ಲುವ ನಿರ್ದೇಶಕ ಇರುವುದಿಲ್ಲ. ಒಬ್ಬರ ಉಸಿರು, ಒಂದು ತಲೆಯಾಟ, ಕಮಾನು ಎತ್ತುವ ರೀತಿ, ಇಷ್ಟರಿಂದಲೇ ಎಲ್ಲರೂ ಒಟ್ಟಿಗೆ ಶುರುಮಾಡುತ್ತಾರೆ. ಆ ನಾಡುಗಳಲ್ಲಿ ಬೇಸಿಗೆ ರಜೆಯ ಶಿಬಿರಗಳಲ್ಲಿ ಮಕ್ಕಳು ಮುಖ್ಯವಾಗಿ ಕಲಿಯುವುದು ಇದನ್ನೇ: ತನ್ನ ವಾದ್ಯ ನುಡಿಸುತ್ತಲೇ ಪಕ್ಕದವರನ್ನು ಕೇಳುವುದು. ನಮ್ಮ ಕಚೇರಿಯ ಮೂಲ ರೂಪವೂ ಮೂರು ನಾಲ್ಕು ಜನ, ಒಂದು ಸಣ್ಣ ಜಾಗ. ಮೈಸೂರಿನಲ್ಲಿ ಸಂಗೀತ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಅಂಥ ಜಾಗ. ದೇವಸ್ಥಾನದ ಪ್ರಾಕಾರ, ಮನೆಯ ತೊಟ್ಟಿ, ಮದುವೆಯ ಚಪ್ಪರ ಎಲ್ಲವೂ ಅಂಥವೇ. ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ಪಶ್ಚಿಮದ ನಾಲ್ವರ ಮುಂದೆ ಬರೆದಿಟ್ಟ ಸ್ವರಲಿಪಿ ಇರುತ್ತದೆ, ವಾರಗಟ್ಟಲೆ ಅಭ್ಯಾಸವೂ ನಡೆದಿರುತ್ತದೆ. ನಮ್ಮ ಪಿಟೀಲಿನವರು ಎಷ್ಟೋ ಸಲ ಹಾಡುಗಾರರನ್ನು ನೇರವಾಗಿ ವೇದಿಕೆಯ ಮೇಲೇ ಭೇಟಿಯಾಗುತ್ತಾರೆ. ಮುಂದಿನ ಕೃತಿ ಯಾವುದು, ಯಾವ ಸಾಲನ್ನು ಹಿಗ್ಗಿಸಿ ನೆರವಲ್ ಮಾಡುತ್ತಾರೆ, ಎಷ್ಟು ಆವರ್ತ ಸ್ವರ ಹಾಕುತ್ತಾರೆ, ಒಂದೂ ಗೊತ್ತಿರುವುದಿಲ್ಲ.

ಈ ವಾದ್ಯ ನಮ್ಮದಾದ ಬಗೆಯೂ ತಿಳಿದಿರಲಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಯುರೋಪಿನವರಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ತಂಜಾವೂರು ಸಹೋದರರಲ್ಲಿ ಒಬ್ಬರಾದ ವಡಿವೇಲು ಅದನ್ನು ಬೆಳೆಸಿದರು. ವಾದ್ಯ ಹಳೆಯದೇ ಆದರೂ ಹಿಡಿಯುವ ರೀತಿ ಬದಲಾಯಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವಾದ್ಯದ ತುದಿಯನ್ನು ಬಲಗಾಲಿನ ಪಾದದ ಬಳಿ ಊರಿದರೆ ಅದರ ಭಾರ ಹೊರುವ ಕೆಲಸ ಎಡಗೈಗೆ ಉಳಿಯುವುದಿಲ್ಲ. ಬೆರಳು ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ, ಗಮಕ ಹುಟ್ಟುತ್ತದೆ. ತಂತಿಗಳ ಶ್ರುತಿಯೂ ಬೇರೆ: ಷಡ್ಜ, ಪಂಚಮ, ಮತ್ತೆ ಷಡ್ಜ, ಪಂಚಮ. ಹಾಡುಗಾರರ ಶ್ರುತಿಗೆ ತಕ್ಕಂತೆ ತಂತಿಗಳನ್ನು ಇಳಿಸುವುದೂ ಏರಿಸುವುದೂ ಉಂಟು. ಕಚೇರಿ ಶುರುವಾಗುವ ಮುನ್ನ ಬಿರಡೆ ತಿರುಗಿಸುತ್ತ ಅವರು ಶ್ರುತಿ ಮಾಡಿಕೊಳ್ಳುವ ಆ ಕೆಲವು ನಿಮಿಷ ಪಕ್ಕದವರೊಡನೆ ಮಾತಾಡಬೇಡಿ. ತಂಬೂರಿಯ ಷಡ್ಜ ಕಿವಿಯಲ್ಲಿ ನೆಲೆನಿಲ್ಲಲು ಅಷ್ಟು ಹೊತ್ತು ಬೇಕು. ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ.

ಸಾಧ್ಯವಾದರೆ ಪಿಟೀಲಿನವರ ಎಡಗೈ ಕಾಣುವ ಕಡೆ ಕೂರಿ. ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರ ಕೂರಿ. ಸಣ್ಣ ಜಾಗದಲ್ಲಿ ಮೈಕು ಜೋರಾದರೆ ಪಿಟೀಲಿನ ದನಿ ಲೋಹದಂತೆ ಚುಚ್ಚುತ್ತದೆ, ಕಮಾನಿನ ಮೆದು ಒತ್ತಡಗಳೆಲ್ಲ ಅಳಿಸಿಹೋಗುತ್ತವೆ. ಮೈಕಿಲ್ಲದ ಕಾಲದಲ್ಲಿ ದೂರದವರಿಗೂ ಕೇಳಲೆಂದು ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಕಟ್ಟಿ ಏಳು ತಂತಿಯ ವಾದ್ಯ ಮಾಡಿಕೊಂಡಿದ್ದರು. ಬಿಡಾರಂ ಕೃಷ್ಣಪ್ಪನವರ ಈ ಶಿಷ್ಯನ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ಅಂದು ಅವರಿಗೆ ದನಿ ದೊಡ್ಡದಾಗಬೇಕಿತ್ತು. ಇಂದು ನಮಗೆ ಬೇಕಾಗಿರುವುದು ಅದನ್ನು ತಗ್ಗಿಸುವ ಧೈರ್ಯ. ಸಂಘಟಕರಿಗೆ ಇದನ್ನು ಕೈಮುಗಿದು ಹೇಳುತ್ತೇನೆ.

ಕಚೇರಿ ಬಹುಮಟ್ಟಿಗೆ ವರ್ಣದಿಂದ ಶುರುವಾಗುತ್ತದೆ. ಇಲ್ಲಿ ಹಾಡೂ ಪಿಟೀಲೂ ಒಂದೇ ದಾರಿಯಲ್ಲಿ ಸಾಗುತ್ತವೆ, ಕಿವಿಗೆ ಹೆಚ್ಚು ಶ್ರಮವಿಲ್ಲ. ಎಡಗೈಯ ಮೇಲೆ ಮೆಲ್ಲಗೆ ತಾಳ ಹಾಕಿ: ಆದಿತಾಳವಾದರೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಹುಸಿ, ಒಟ್ಟು ಎಂಟು. ತಪ್ಪಿದರೆ ಬಿಟ್ಟುಬಿಡಿ, ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಸೇರಿಕೊಳ್ಳಿ.

ನಿಜವಾದ ರುಚಿ ರಾಗಾಲಾಪನೆಯಲ್ಲಿದೆ. ಹಾಡುಗಾರರು ಒಂದು ಸಂಚಾರ ಎತ್ತುತ್ತಾರೆ. ಪಿಟೀಲಿನವರು ಅರೆಕ್ಷಣ ಹಿಂದೆ, ತಗ್ಗಿದ ದನಿಯಲ್ಲಿ, ಅದೇ ಜಾಡಿನಲ್ಲಿ ಬರುತ್ತಾರೆ. ಗದ್ದೆಯ ಬದುವಿನ ಮೇಲೆ ಹಿರಿಯರು ಕಾಲಿಟ್ಟಲ್ಲೇ ಕಾಲಿಡುತ್ತ ನಡೆಯುವ ಮಕ್ಕಳನ್ನು ನೋಡಿದ್ದೀರಲ್ಲ, ಹಾಗೆ. ಹಾಡುಗಾರರು ಉಸಿರಿಗೆ ನಿಂತಾಗ ಪಿಟೀಲು ಏನು ಮಾಡುತ್ತದೆ ಎಂಬುದನ್ನು ಗಮನಿಸಿ. ಕೊನೆಯ ಸ್ವರವನ್ನು ಹಿಡಿದು ನಿಲ್ಲುತ್ತದೆಯೋ, ಸಂಚಾರದ ಬಾಲವನ್ನಷ್ಟೇ ಮತ್ತೆ ನುಡಿಯುತ್ತದೆಯೋ, ಸುಮ್ಮನಾಗುತ್ತದೆಯೋ? ಒಳ್ಳೆಯ ಪಕ್ಕವಾದ್ಯದವರು ಈ ಮೂರನ್ನೂ ಬಲ್ಲರು, ಯಾವಾಗ ಯಾವುದೆಂದೂ ಬಲ್ಲರು. ಹಾಡುಗಾರರು ಇನ್ನೂ ಮುಟ್ಟದ ತಾರಷಡ್ಜವನ್ನು ತಾವೇ ಮೊದಲು ಮುಟ್ಟಿಬಿಡುವ ಆಸೆಯನ್ನು ತಡೆಯುತ್ತಾರೆ. ಆಮೇಲೆ ಅವರ ಸರದಿ ಬರುತ್ತದೆ. ಹಾಡಿದ್ದಕ್ಕಿಂತ ಚಿಕ್ಕದಾಗಿ, ಕೇಳಿದ್ದನ್ನು ನೆನೆಯುತ್ತ, ತಮ್ಮದೂ ಒಂದು ಮಾತು ಸೇರಿಸಿ ಅದೇ ರಾಗವನ್ನು ನುಡಿಸುತ್ತಾರೆ. ಈಗ ಹಾಡುಗಾರರ ಮುಖ ನೋಡಿ. ತಲೆದೂಗಿದರೆ ಅದು ಬರಿಯ ಸೌಜನ್ಯವೋ, ನಿಜವಾಗಿ ಮೆಚ್ಚಿದ್ದೋ, ನಾಲ್ಕಾರು ಕಚೇರಿ ಕೇಳುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ನೆರವಲ್‌ನಲ್ಲಿ ಸಾಹಿತ್ಯದ ಒಂದೇ ಸಾಲು ತಾಳದ ಅದೇ ಜಾಗದಲ್ಲಿ ಉಳಿದು ಬೇರೆ ಬೇರೆ ಬಗೆಯಲ್ಲಿ ಅರಳುತ್ತದೆ. ಪಿಟೀಲಿಗೆ ಮಾತಿಲ್ಲ, ಆದರೂ ಅಕ್ಷರಗಳು ಕಮಾನಿನ ತಿರುವುಗಳಲ್ಲಿ ಕೇಳಬೇಕು. ಸಾಹಿತ್ಯ ಗೊತ್ತಿರುವ ವಾದಕರನ್ನು ಗುರುತಿಸುವುದು ಇಲ್ಲಿಯೇ. ಸ್ವರಗಳನ್ನೇ ಆಶುವಾಗಿ ಹೆಣೆಯುವ ಕಲ್ಪನಾಸ್ವರಕ್ಕೆ ಬಂದರೆ ಮಾತುಕತೆ ಬಿರುಸಾಗುತ್ತದೆ. ಎರಡು ಆವರ್ತ ಇವರು, ಎರಡು ಆವರ್ತ ಅವರು. ಆಮೇಲೆ ಒಂದೊಂದು, ಅರ್ಧರ್ಧ, ಕಾಲುಕಾಲು. ಕಿರಿದಾಗುತ್ತ ಬಂದು ಕೊನೆಗೆ ಎಲ್ಲರೂ ಒಟ್ಟಿಗೆ ಎಡುಪಿಗೆ, ಅಂದರೆ ಸಾಲು ಶುರುವಾಗುವ ತಾಳದ ಜಾಗಕ್ಕೆ, ಬಂದು ಸೇರುವಾಗ ಮೃದಂಗದವರನ್ನು ನೋಡಿ: ಮೊದಲೇ ಹೇಳಿಟ್ಟ ಲೆಕ್ಕವಿಲ್ಲದಿದ್ದರೂ ಮುಕ್ತಾಯಕ್ಕೆ ಅವರೂ ಸರಿಯಾಗಿ ಬಂದಿರುತ್ತಾರೆ. ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಶುರುವಾದೊಡನೆ ಕಾಫಿಗೆಂದು ಎದ್ದು ಹೋಗುವವರಿದ್ದಾರೆ. ದಯವಿಟ್ಟು ಹೋಗಬೇಡಿ. ಆಗ ಹಾಡುಗಾರರೂ ಪಿಟೀಲಿನವರೂ ತಾಳ ಹಾಕುತ್ತ ಮೃದಂಗವನ್ನು ಕೇಳುತ್ತ ಕೂತಿರುತ್ತಾರೆ. ಅವರು ಕೂತು ಕೇಳುವುದನ್ನು ನಾವೂ ಕೂತು ಕೇಳಬೇಕು.

ಹಾಡಿಲ್ಲದ ಕಚೇರಿಗಳೂ ಉಂಟು. 1960ರ ದಶಕದಲ್ಲಿ ಲಾಲ್ಗುಡಿ ಜಯರಾಮನ್ ಪಿಟೀಲು, ಎನ್. ರಮಣಿ ಕೊಳಲು, ಆರ್. ವೆಂಕಟರಾಮನ್ ವೀಣೆ ಹಿಡಿದು ಕೂತ ತ್ರಯ ಪ್ರಸಿದ್ಧವಾಯಿತು. ನಮ್ಮಲ್ಲಿ ಮೈಸೂರು ನಾಗರಾಜ್ ಮತ್ತು ಮಂಜುನಾಥ್ ಸಹೋದರರ ಜೋಡಿ ಪಿಟೀಲು ಇದೆ. ಇಂಥ ಕಚೇರಿಯಲ್ಲಿ ಮೇಲಿನ ದನಿಯನ್ನು ಬಿಟ್ಟು ಕೆಳಗಿನ ದನಿಯನ್ನು ಹಿಡಿಯಿರಿ. ಒಬ್ಬರು ತಾರಸ್ಥಾಯಿಯಲ್ಲಿದ್ದಾಗ ಇನ್ನೊಬ್ಬರು ಮಂದ್ರಕ್ಕೆ ಇಳಿಯುವುದು, ಮತ್ತೆ ಒಂದೇ ಸ್ಥಾಯಿಯಲ್ಲಿ ಕೂಡುವುದು, ಇವೇ ಅದರ ಸೊಗಸು.

ಪಿಯಾನೊ ವಿಷಯಕ್ಕೆ ಬಂದರೆ, ಅದರ ಸ್ವರಗಳು ಮನೆಯಿಂದ ಮನೆಗೆ ಹಾರುತ್ತವೆ, ಜಾರುವುದಿಲ್ಲ. ತೋಡಿ ರಾಗದ ತೂಗುವ ಗಾಂಧಾರವನ್ನು ಅದರಲ್ಲಿ ಹುಡುಕಬಾರದು. ಆದರೂ ಮೈಸೂರು ಅರಮನೆಯಲ್ಲಿ ಅದು ಪರಕೀಯವಾಗಿರಲಿಲ್ಲ. ವೀಣೆ ಶೇಷಣ್ಣನವರು ಪಿಯಾನೊ ನುಡಿಸುತ್ತಿದ್ದರು. ಪಿಯಾನೊ ಕಲಿತು ಲಂಡನ್ನಿನ ಪರೀಕ್ಷೆಗಳನ್ನೂ ಗೆದ್ದಿದ್ದ ಜಯಚಾಮರಾಜ ಒಡೆಯರೇ 94 ಕೃತಿಗಳನ್ನು ರಚಿಸಿದರು. ನಿಮ್ಮ ಮಗು ಕೀಬೋರ್ಡು ಕಲಿಯುತ್ತಿದ್ದರೆ ಅದನ್ನು ಗಮಕವಿಲ್ಲದ ಬಡ ವೀಣೆಯೆಂದು ಕೇಳಬೇಡಿ. ಹಲವು ಸ್ವರಗಳು ಒಮ್ಮೆಗೇ ಕೂಡಿ ನಿಲ್ಲುವ ಬೇರೆಯೇ ಸುಖ ಅದರದ್ದು.

ಶಿಬಿರದ ಕೊನೆಯ ದಿನ ಮಕ್ಕಳೆಲ್ಲ ಸೇರಿ ನುಡಿಸುತ್ತಾರೆ. ಬಹಳಷ್ಟು ಪೋಷಕರು ತಮ್ಮ ಮಗುವಿನ ಫೋಟೊ ತೆಗೆಯುವುದರಲ್ಲೇ ಕಳೆದುಹೋಗುತ್ತಾರೆ. ಫೋನು ಕೆಳಗಿಟ್ಟು ಕಮಾನುಗಳನ್ನು ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಚಲಿಸುತ್ತಿವೆಯೇ? ವರ್ಣ ಎರಡನೆಯ ಕಾಲಕ್ಕೆ ಏರುವಾಗ ಓಡಿಹೋಗುವ ಮಗು ಯಾವುದು, ತಡೆದು ಎಲ್ಲರನ್ನೂ ಕಾಯುವ ಮಗು ಯಾವುದು? ಬಾಳಿನಲ್ಲಿ ಮೊದಲ ಸಲ ಹತ್ತು ಜನರೊಡನೆ ನುಡಿಸುವಾಗ ಸ್ವರ ತಪ್ಪುವುದು ತೀರ ಸಾಮಾನ್ಯ. ತಪ್ಪಿದ ಮೇಲೆ ಪಕ್ಕದವರ ಕಮಾನು ನೋಡಿ, ಎರಡು ಎಣಿಕೆ ಸುಮ್ಮನಿದ್ದು, ಸರಿಯಾದ ಜಾಗದಲ್ಲಿ ಮತ್ತೆ ಸೇರಿಕೊಂಡ ಮಗುವಿಗೆ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತೇನೆ. ಆ ಮಗು ಕೇಳಲು ಕಲಿತಿದೆ. ಗುಂಪಿನಲ್ಲಿ ಹಾಡುವುದನ್ನು ಕೇಳಬೇಕೆಂದರೆ ತ್ಯಾಗರಾಜ ಆರಾಧನೆಯ ಘನರಾಗ ಪಂಚರತ್ನಕ್ಕೆ ಹೋಗಿ: ನಾಟ, ಗೌಳ, ಆರಭಿ, ವರಾಳಿ, ಶ್ರೀ, ಐದೂ ಆದಿತಾಳದಲ್ಲೇ ಇರುವುದರಿಂದ ಕೈಗೆ ತಾಳ ಕೂರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಊರಿಗೆ ಹಿಂದಿರುಗಿದ ಮೇಲೆ ಅಭ್ಯಾಸ ಬಿಡಬೇಡಿ. ಶ್ರೀಕಂಠನ್ ಅವರ ಧ್ವನಿಮುದ್ರಿಕೆಯಲ್ಲಿ ನೆರವಲ್ ಇರುವ ಒಂದು ದೊಡ್ಡ ಕೃತಿಯನ್ನು ಆರಿಸಿಕೊಳ್ಳಿ. ಒಮ್ಮೆ ಹಾಡನ್ನು ಕೇಳಿ. ಮಾರನೆಯ ದಿನ ಅದನ್ನೇ ಹಾಕಿ, ಹಾಡಿನ ಕಡೆ ಗಮನ ಕೊಡದೆ ಪಿಟೀಲನ್ನಷ್ಟೇ ಹಿಂಬಾಲಿಸಿ. ಮೊದಮೊದಲು ಅದು ಕೈಗೆ ಸಿಗದೆ ಹಾಡಿನೊಳಗೆ ಅಡಗಿಕೊಳ್ಳುತ್ತದೆ. ನೆರವಲ್‌ನಲ್ಲಿ ಅದರ ಸರದಿ ಬಂದಾಗ ಹಿಡಿದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಹೋಗಿ ಆಲಾಪನೆಯನ್ನು ಇನ್ನೊಮ್ಮೆ ಹಾಕಿ ಕೇಳಿ.