ಉಸಿರಿನ ಲೆಕ್ಕವಿಡದ ತಪಾಸಣೆ

ಬಿದ್ರಿ ಕಲೆಯ ಬಗ್ಗೆ ಬಂದ ಬರಹಗಳಿಗೆ ಕೊರತೆಯಿಲ್ಲ. ಬಹಮನಿ ಸುಲ್ತಾನರ ಕಾಲ, ಕೋಟೆಯ ಮಣ್ಣು, ಕಪ್ಪು ಮೈಮೇಲಿನ ಬೆಳ್ಳಿಯ ಬಳ್ಳಿ ಇವೆಲ್ಲ ಕನ್ನಡ ಓದುಗರಿಗೆ ಚಿರಪರಿಚಿತ. ಜಿಐ ಟ್ಯಾಗ್ ಸಿಕ್ಕಿ ಎರಡು ದಶಕವಾಗುತ್ತ ಬಂತು. 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬೀದರ್ ಊರಿಗೆ ಊರೇ ಹೆಮ್ಮೆಪಟ್ಟಿತು. ಆದರೆ ಈ ಹೊಗಳಿಕೆಯಲ್ಲಿ ಒಂದು ವಿಷಯ ಮಾತ್ರ ಬರುವುದೇ ಇಲ್ಲ: ಎರಕ ಹೊಯ್ಯುವವನು, ಅರ ಹಾಕುವವನು ದಿನವಿಡೀ ಯಾವ ಗಾಳಿ ಉಸಿರಾಡುತ್ತಾನೆ? ಆ ಪ್ರಶ್ನೆ ಕೇಳುವುದೇ ಉದ್ಯೋಗವಾಗಿರುವ ಒಬ್ಬ ತಜ್ಞನಿದ್ದಾನೆ. ಅವನೇ ಇಂಡಸ್ಟ್ರಿಯಲ್ ಹೈಜೀನಿಸ್ಟ್. ಅವನ ಕೆಲಸವನ್ನು ನಮ್ಮ ಸರ್ಕಾರಿ ತಪಾಸಣೆಯ ಪದ್ಧತಿ ಎಷ್ಟರಮಟ್ಟಿಗೆ ಮಾಡುತ್ತಿದೆ ಎಂಬುದನ್ನು ಬೀದರ್, ಭಾಲ್ಕಿ, ಔರಾದಗಳ ಮಟ್ಟಿಗಾದರೂ ನೋಡಬೇಕಾಗಿದೆ.

ಬಿದ್ರಿಯಿಂದಲೇ ಶುರು ಮಾಡೋಣ. ಈ ಲೋಹ ಹೆಚ್ಚುಕಡಿಮೆ ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಸತು 420 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ತಾಮ್ರ ತಾನಾಗಿ ಕರಗಲು 1085 ಡಿಗ್ರಿ ಬೇಕು. ತಾಮ್ರವನ್ನು ಬೇಗ ಸೇರಿಸಬೇಕೆಂದು ಬೆಂಕಿ ಜೋರು ಮಾಡಿದರೆ ಮೂಸೆಯ ಬಾಯಿಂದ ಬಿಳಿ ಹೊಗೆ ಏಳುತ್ತದೆ. ಅದು ಸತುವಿನ ಆಕ್ಸೈಡ್. ಅದನ್ನು ಉಸಿರಾಡಿದವನಿಗೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ನಾಲ್ಕಾರು ತಾಸು ಬಿಟ್ಟು, ಮನೆಗೆ ಹೋಗಿ ಉಂಡ ಮೇಲೆ, ಚಳಿ ಹಿಡಿಯುತ್ತದೆ. ಬಾಯಲ್ಲಿ ಲೋಹದ ರುಚಿ, ತಡೆಯಲಾಗದ ನೀರಡಿಕೆ, ಮೈಕೈ ನೋವು. ಒಂದೆರಡು ದಿನದಲ್ಲಿ ಜ್ವರ ತಾನೇ ಇಳಿಯುತ್ತದೆ. ದಿನಾ ಹೊಗೆ ಕುಡಿದವರ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ, ರಜೆ ಮುಗಿಸಿ ಬಂದ ದಿನ ಮತ್ತೆ ಹಿಡಿಯುತ್ತದೆ. ರೋಗಿಯ ಕಸುಬು ಏನೆಂದು ಕೇಳದ ವೈದ್ಯರ ಚೀಟಿಯಲ್ಲಿ ಇದು ಬರೀ ವೈರಲ್ ಜ್ವರ.

ಗುಜರಿ ಸತು ಬಳಸಿದರೆ ಅಪಾಯ ಇನ್ನೊಂದು ಮೆಟ್ಟಿಲು ಏರುತ್ತದೆ, ಏಕೆಂದರೆ ಅದರ ಜತೆಗೆ ಸೀಸವೂ ಕ್ಯಾಡ್ಮಿಯಮ್ಮೂ ಇರಬಹುದು. ಇವೆರಡೂ ಒಂದೆರಡು ದಿನದಲ್ಲಿ ಇಳಿದುಹೋಗುವ ಬಾಧೆಗಳಲ್ಲ. ರಕ್ತದಲ್ಲಿ, ಎಲುಬಿನಲ್ಲಿ, ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂತುಬಿಡುತ್ತವೆ. ಎರಕದ ನಂತರ ಅರ ಹಾಕುವುದು, ಮೋಟಾರಿನ ಬಫಿಂಗ್ ಚಕ್ರಕ್ಕೆ ಹಿಡಿದು ನಯ ಮಾಡುವುದು, ಮೈಲುತುತ್ತದ ನೀರು ಸವರಿ ಕಪ್ಪಾಗಿಸಿ ಉಳಿಯಿಂದ ಕೊರೆಯುವುದು, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಕಾಯಿಸಿದ ನೀರಲ್ಲಿ ಅದ್ದುವುದು. ಪ್ರತಿ ಹಂತಕ್ಕೂ ಅದರದೇ ದೂಳು, ಅದರದೇ ಆವಿ. ಇಷ್ಟೆಲ್ಲ ನಡೆಯುವುದು ಎಷ್ಟೋ ಸಲ ಒಂದೇ ಕೋಣೆಯಲ್ಲಿ, ನೆಲದ ಮೇಲೆ ಕೂತು.

ಹೈಜೀನಿಸ್ಟ್ ಇಲ್ಲಿಗೆ ಬಂದರೆ ಏನು ಮಾಡುತ್ತಾನೆ? ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪಂಪನ್ನು ಕೆಲಸಗಾರನ ಸೊಂಟಕ್ಕೆ ಕಟ್ಟುತ್ತಾನೆ. ಅದರ ಕೊಳವೆಯ ತುದಿಯಲ್ಲಿ ಮೊದಲೇ ತೂಗಿಟ್ಟ ಫಿಲ್ಟರ್ ಇರುತ್ತದೆ. ಅದನ್ನು ಅಂಗಿಯ ಕಾಲರಿಗೆ, ಮೂಗಿನಿಂದ ಒಂದು ಗೇಣಿನೊಳಗೆ, ಸಿಕ್ಕಿಸುತ್ತಾನೆ. ಪಾಳಿ ಮುಗಿಯುವವರೆಗೂ ಪಂಪ್ ನಿಮಿಷಕ್ಕೆ ಸುಮಾರು ಎರಡು ಲೀಟರಿನಂತೆ ಗಾಳಿ ಎಳೆಯುತ್ತದೆ. ಆಮೇಲೆ ಫಿಲ್ಟರನ್ನು ಪ್ರಯೋಗಾಲಯದಲ್ಲಿ ಮತ್ತೆ ತೂಗಿ, ಯಾವ ಲೋಹ ಎಷ್ಟಿದೆ ಎಂದು ವಿಶ್ಲೇಷಿಸಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಕೋಣೆಯ ನಡುವೆ ಯಂತ್ರವಿಟ್ಟು ಅಳೆದರೆ ಈ ಲೆಕ್ಕ ಬರುವುದಿಲ್ಲ. ಮೂಸೆಯ ಮೇಲೆ ಬಾಗಿದವನ ಮೂಗಿಗೂ ಬಾಗಿಲ ಬಳಿ ಕೂತವನ ಮೂಗಿಗೂ ಬಹಳ ಅಂತರವಿದೆ. ಈ ವೃತ್ತಿಯ ಸತ್ವವೆಲ್ಲ ಇರುವುದು ಆ ಒಂದು ಗೇಣಿನಲ್ಲಿ.

ಅಳತೆಯ ನಂತರದ್ದು ಪರಿಹಾರ. ಅಲ್ಲಿ ಹೈಜೀನಿಸ್ಟ್ ಮಾಸ್ಕಿನ ಮಾತನ್ನು ಕೊನೆಗಿಡುತ್ತಾನೆ. ಮೊದಲು ಬೆಂಕಿಯ ಹದ ಮತ್ತು ಶುದ್ಧ ಸತು. ಆಮೇಲೆ ಮೂಸೆಯ ಹಿಂಬದಿಗೆ ತಗಡಿನ ಹುಡ್, ಅಲ್ಲಿಂದ ಮಾಡಿನಾಚೆಗೆ ಹೊಗೆಕೊಳವೆ. ಹೊಗೆ ಮುಖ ಮುಟ್ಟುವ ಮೊದಲೇ ಅದನ್ನು ಎಳೆದುಕೊಳ್ಳಬೇಕು. ಕೆಲಸಗಾರನ ಬೆನ್ನ ಹಿಂದಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಹೊಗೆಯನ್ನು ಅವನ ಮುಖದ ಮೇಲಿಂದಲೇ ಹಾಯಿಸಿಕೊಂಡು ಹೋಗುತ್ತದೆ. ಅಂಥ ಫ್ಯಾನ್ ಕಂಡು ‘ಗಾಳಿ ವ್ಯವಸ್ಥೆ ಇದೆ’ ಎಂದು ಬರೆದುಕೊಳ್ಳುವುದಕ್ಕೂ, ಅದು ತಪ್ಪು ಗೋಡೆಯಲ್ಲಿದೆ ಎಂದು ಹೇಳುವುದಕ್ಕೂ ಇರುವ ವ್ಯತ್ಯಾಸವೇ ತಪಾಸಣೆಗೂ ಹೈಜೀನಿಗೂ ಇರುವ ವ್ಯತ್ಯಾಸ.

ಈಗ ಸರ್ಕಾರದ ಪದ್ಧತಿಗೆ ಬರುತ್ತೇನೆ. ಇಲಾಖೆಯಲ್ಲಿ ದುಡಿಯುವವರನ್ನು ದೂರುವುದು ನನ್ನ ಉದ್ದೇಶವಲ್ಲ. ದೋಷವಿರುವುದು ಅವರ ಕೈಗೆ ಕೊಟ್ಟ ಚೌಕಟ್ಟಿನಲ್ಲಿ. ಮುಕ್ಕಾಲು ಶತಮಾನ ನಮ್ಮನ್ನು ಆಳಿದ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ದೂಳು, ಹೊಗೆ ತಡೆಯಲು ‘ಪರಿಣಾಮಕಾರಿ ಕ್ರಮ’ ಕೈಗೊಳ್ಳಿ ಎಂದಿತು. ಎಷ್ಟು ದೂಳಾದರೆ ಅತಿ ಎಂಬ ಅಂಕಿಯನ್ನು ಆ ಕಲಮು ಕೊಡಲಿಲ್ಲ. ಅಂಕಿಗಳು ಬಂದದ್ದು ಭೋಪಾಲ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ. ಆಗ ಸೇರಿದ ಅಧ್ಯಾಯ ಅಪಾಯಕಾರಿ ಪ್ರಕ್ರಿಯೆಗಳಿಗೆ ಗಾಳಿಯಲ್ಲಿ ಇರಬಹುದಾದ ರಾಸಾಯನಿಕಗಳ ಮಿತಿ ನಿಗದಿ ಮಾಡಿತು. ಅಪಾಯವನ್ನು ಕಾರ್ಮಿಕರಿಗೆ ತಿಳಿಸುವ ಹೊಣೆಯನ್ನೂ ಮಾಲೀಕನ ಮೇಲೆ ಹಾಕಿತು. ಆ ಅಧ್ಯಾಯ ನಮ್ಮ ಕಾರ್ಮಿಕ ಕಾನೂನಿನ ಅತ್ಯುತ್ತಮ ಭಾಗಗಳಲ್ಲೊಂದು ಎಂದೇ ನನ್ನ ಅಭಿಪ್ರಾಯ. ಆದರೂ ಅದರ ಸಿಲಿಕಾ ಮಿತಿ ಹಳೆಯ ಅಮೆರಿಕನ್ ಸೂತ್ರವನ್ನೇ ಹಿಡಿದಿತ್ತು. ಶುದ್ಧ ಸ್ಫಟಿಕ ಶಿಲೆಯ ದೂಳಿಗೆ ಆ ಸೂತ್ರ ಹಾಕಿದರೆ ಘನ ಮೀಟರಿಗೆ ಸುಮಾರು 0.1 ಮಿಲಿಗ್ರಾಂ ಬರುತ್ತದೆ. ಅಮೆರಿಕ 2016ರಲ್ಲಿ ಅದನ್ನು ಬಿಟ್ಟು 0.05ಕ್ಕೆ ಇಳಿಸಿತು.

ಬಿದ್ರಿಯವರಿಗೆ ಇದರಿಂದ ಆದ ಲಾಭವೇನು? ವಿದ್ಯುತ್ ಇದ್ದರೆ ಹತ್ತು ಜನ, ಇಲ್ಲದಿದ್ದರೆ ಇಪ್ಪತ್ತು ಜನ ಇದ್ದಲ್ಲಿ ಮಾತ್ರ ಅದು ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಖಾನೆಯಾಗಿತ್ತು. ಅದಕ್ಕಿಂತ ಸಣ್ಣ ಜಾಗಗಳಿಗೂ ಕಾಯ್ದೆಯನ್ನು ಅನ್ವಯಿಸುವ ಅಧಿಕಾರವನ್ನು 85ನೇ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಆದರೆ ಅದೇ ಕಲಮು, ಮಾಲೀಕ ತನ್ನ ಕುಟುಂಬದವರ ನೆರವಿನಿಂದಷ್ಟೇ ನಡೆಸುವ ಕೆಲಸಕ್ಕೆ ಇದು ಬೇಡ ಎಂದೂ ಹೇಳಿತು. ಸಣ್ಣವರಿಗೆ ಇನ್‌ಸ್ಪೆಕ್ಟರ ಕಾಟ ತಪ್ಪಲಿ ಎಂಬ ಕಾಳಜಿ ಅದರ ಹಿಂದೆ ಇದ್ದೀತು. ಫಲ ಮಾತ್ರ ಇಷ್ಟು: ಅಪ್ಪ ಎರಕ ಹೊಯ್ದು, ಮಗ ಅರ ಹಾಕಿ, ಮನೆಯವರು ಬೆಳ್ಳಿ ತಂತಿ ಕೂರಿಸುವ ಮನೆಯ ಗಾಳಿ ಯಾರ ಹೊಣೆಯೂ ಅಲ್ಲದಂತಾಯಿತು.

ಭಾಲ್ಕಿಯ ಕಡೆಗೆ ಹೋದರೆ ತೊಗರಿ ಬೇಳೆಯ ಮಿಲ್ಲುಗಳು. ಎಮೆರಿ ರೋಲಿನ ಮೇಲೆ ಕಾಳು ಉಜ್ಜಿಕೊಂಡು ಹೋಗುವಾಗ ಹೊಟ್ಟು, ನುಚ್ಚಿನ ಜತೆ ನವಿರಾದ ಹುಡಿ ಏಳುತ್ತದೆ. ಹಮಾಲರು ಬಾಯಿಗೆ ದಸ್ತಿ ಕಟ್ಟಿಕೊಂಡು ಚೀಲ ಸುರಿಯುತ್ತಾರೆ. ಕಣ್ಣಿಗೆ ಕಾಣುವ ಹೊಟ್ಟನ್ನು ದಸ್ತಿ ತಡೆಯುತ್ತದೆ. ಪುಪ್ಪುಸದ ತಳ ಮುಟ್ಟುವ, ಕಣ್ಣಿಗೆ ಕಾಣದ ಕಣವನ್ನು ತಡೆಯುವುದಿಲ್ಲ. ದೂಳು ಹುಟ್ಟುವ ಜಾಗಗಳೂ ಇಡೀ ಮಿಲ್ಲಿನಲ್ಲಿ ಎರಡು ಮೂರೇ ಇರುತ್ತವೆ: ಚೀಲ ಸುರಿಯುವ ಹಾಪರ್, ಹೊಟ್ಟು ಬೀಳುವ ಬಾಯಿ, ಜರಡಿ. ಅಲ್ಲಿಗೊಂದು ಮುಚ್ಚಳ, ಒಂದು ಎಳೆಗೊಳವೆ ಸಾಕು. ಹೇಳುವ ಜನ ಬೇಕು. ಅದೇ ತಾಲ್ಲೂಕಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯ ರಾಶಿಗಳಿವೆ. ಕೂಡಿಟ್ಟು ಬೂಸ್ಟು ಹಿಡಿದ ಸಿಪ್ಪೆಯ ದೂಳಿನಿಂದ ಬರುವ ಬಗಾಸೋಸಿಸ್ ಎಂಬ ಪುಪ್ಪುಸದ ರೋಗ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿತ್ತು. ಪರಿಹಾರ ಕೇಳಲು ಕೆಲಸದಲ್ಲಿ ಆ ದೂಳಿಗೆ ಮೈಯೊಡ್ಡಿದ್ದನ್ನು ತೋರಿಸಬೇಕು. ಗಾಳಿಯ ಅಳತೆಯ ಕಾಗದವೇ ಇಲ್ಲದಲ್ಲಿ ಕಾರ್ಮಿಕ ಏನನ್ನು ತೋರಿಸಿಯಾನು?

ಬೀದರ್ ನಗರಕ್ಕೆ ಹೊಂದಿಕೊಂಡ ಕೊಳಾರ ಕೈಗಾರಿಕಾ ಪ್ರದೇಶದ್ದು ಬೇರೆ ಬಗೆಯ ತೊಡಕು. ಔಷಧ, ರಾಸಾಯನಿಕ ಘಟಕಗಳ ವಾಸನೆಯ ಬಗ್ಗೆ ಸುತ್ತಲಿನ ಹಳ್ಳಿಗಳವರು ದನಿ ಎತ್ತಿದಾಗ ಮಾಲಿನ್ಯ ನಿಯಂತ್ರಣ ಮಂಡಳಿ ಬರಬೇಕು, ಏಕೆಂದರೆ ಕಾಂಪೌಂಡಿನ ಹೊರಗಿನ ಗಾಳಿ ಅದರದು. ಕಾಂಪೌಂಡಿನ ಒಳಗೆ ಕೆಲಸಗಾರ ಉಸಿರಾಡುವ ಗಾಳಿ ಕಾರ್ಖಾನೆಗಳ ಇಲಾಖೆಯದು. ಗಾಳಿಗೆ ಆ ಗೋಡೆ ಗೊತ್ತಿಲ್ಲ. ಇನ್ನು ಮೂಗನ್ನೇ ನಂಬಿ ಕೂರುವಂತೆಯೂ ಇಲ್ಲ. ತ್ಯಾಜ್ಯದ ತೊಟ್ಟಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಾಣಕ್ಕೆ ಎರವಾಗುವ ಮಟ್ಟಕ್ಕೆ ಏರಿದಾಗ ವಾಸನೆ ಗ್ರಹಿಸುವ ಶಕ್ತಿಯನ್ನೇ ಕೊಲ್ಲುತ್ತದೆ. ‘ವಾಸನೆ ಹೋಯಿತು’ ಎಂದು ತೊಟ್ಟಿಗೆ ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಇಳಿಯುವ ಮೊದಲು ಮೀಟರ್ ಬಿಟ್ಟು ಅಳೆಯುವುದು ಕೆಲವೇ ನಿಮಿಷದ ಕೆಲಸ.

ಔರಾದದ ಸಂಗತಿ ಗಡಿಯದು. ಮಹಾರಾಷ್ಟ್ರ, ತೆಲಂಗಾಣಗಳ ಅಂಚಿನ ಈ ತಾಲ್ಲೂಕಿನಿಂದ ಜನ ಕೂಲಿಗೆ ಹೈದರಾಬಾದಿಗೆ, ಅದರ ಸುತ್ತಲಿನ ಕಾರ್ಖಾನೆಗಳಿಗೆ ಹೋಗುತ್ತಾರೆ. 2025ರ ಜೂನ್ 30ರಂದು ಹೈದರಾಬಾದ್ ಬಳಿಯ ಪಾಶಮೈಲಾರಂನ ಔಷಧ ಘಟಕದಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಸತ್ತಾಗ ಇಡೀ ದೇಶ ಅತ್ತ ನೋಡಿತು. ಆದರೆ ಕಲ್ಲು ಒಡೆಯುವ, ಕೊರೆಯುವ ಕೆಲಸದಲ್ಲಿ ಸಿಲಿಕಾ ದೂಳು ಪುಪ್ಪುಸ ಸೇರಿ ಬರುವ ಸಿಲಿಕೋಸಿಸ್ ಹತ್ತಾರು ವರ್ಷ ತಡೆದು ಕಾಣಿಸಿಕೊಳ್ಳುವ ರೋಗ. ಆಗ ಕೂಲಿಗೆ ಹೋದವನು ಆ ರಾಜ್ಯದಲ್ಲೂ ಇರುವುದಿಲ್ಲ, ಆ ಮಾಲೀಕನ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಊರಿಗೆ ಮರಳಿ ಕೆಮ್ಮುತ್ತಾನೆ, ಕ್ಷಯವೆಂದು ತಿಳಿದು ಔಷಧ ನುಂಗುತ್ತಾನೆ. ಕಾರ್ಖಾನೆ ಕಾಯ್ದೆಯ 89ನೇ ಕಲಮಿನ ಪ್ರಕಾರ ಇಂಥ ರೋಗಿಯನ್ನು ಕಂಡ ವೈದ್ಯರು ಮುಖ್ಯ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಬೇಕಿತ್ತು, ತಪ್ಪಿದರೆ ಸಾವಿರ ರೂಪಾಯಿವರೆಗೆ ದಂಡ. ರೋಗಿಯ ಇಪ್ಪತ್ತು ವರ್ಷದ ಕೆಲಸದ ಚರಿತ್ರೆ ಕೇಳುವ ಪುರುಸೊತ್ತು ಯಾವ ತಾಲ್ಲೂಕು ಆಸ್ಪತ್ರೆಗಿದೆ?

ಇಂಥ ಕಸುಬುಗಳ ರೋಗ ಗುರುತಿಸಿ ತಡೆಯುವುದು ಆಗದ ಕೆಲಸ ಎನ್ನುವವರಿಗೆ ಎರಡು ಉದಾಹರಣೆ ಹೇಳಬೇಕು. 1910ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ವೃತ್ತಿರೋಗಗಳ ಸಮೀಕ್ಷೆಯನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆಗೆ ವಹಿಸಿತು. ಸೀಸ ಯಾವ ಯಾವ ಕಸುಬಿನಲ್ಲಿದೆ ಎಂಬ ಪಟ್ಟಿಯೇ ಸರ್ಕಾರದ ಬಳಿ ಇರಲಿಲ್ಲ. ಆಕೆ ಆಸ್ಪತ್ರೆಗಳ ದಾಖಲೆ ತೆಗೆಸಿದರು, ಕಾರ್ಮಿಕರ ಮನೆಗಳಿಗೆ ನಡೆದರು. ಸ್ನಾನದ ತೊಟ್ಟಿಗೆ ಎನಾಮಲ್ ಹಾಕುವ ಕೆಲಸದಲ್ಲೂ ಸೀಸವಿದೆ ಎಂದು ಗೊತ್ತಾದದ್ದು ಒಬ್ಬ ರೋಗಿಯ ಜಾಡು ಹಿಡಿದು. ಪಟ್ಟಿಯಲ್ಲಿಲ್ಲದ ಕಸುಬನ್ನು ರೋಗಿಯ ಕಡೆಯಿಂದ ಹುಡುಕಿ ತೆಗೆಯುವ ಈ ಕ್ರಮ ಬೀದರಿಗೆ ಹೇಳಿ ಮಾಡಿಸಿದಂತಿದೆ. ಎರಡನೆಯದು ನಮ್ಮ ದೇಶದ್ದೇ. ಗುಜರಾತಿನ ಖಂಭಾತದಲ್ಲಿ ಅಕೀಕ್ ಕಲ್ಲು ಉಜ್ಜುವುದು ಮನೆಗೆಲಸ, ಬಿದ್ರಿಯಂತೆಯೇ ಕೀರ್ತಿವೆತ್ತ ಕುಶಲಕಲೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಆ ಮನೆಗಳಿಗೇ ಹೋಗಿ ಸಿಲಿಕೋಸಿಸ್ ಗುರುತಿಸಿತು, ಉಜ್ಜುವ ಚಕ್ರಕ್ಕೆ ಹೊಂದುವ ದೂಳೆಳೆಯುವ ಸಾಧನವನ್ನೂ ರೂಪಿಸಿತು. ಅದೇ ಸಂಸ್ಥೆಯ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ. ಬೀದರಿಗೂ ಅದಕ್ಕೂ ನಡುವೆ ಏಳುನೂರು ಕಿಲೋಮೀಟರ್ ಹಾದಿಯಿದೆ ನಿಜ, ಆದರೆ ಫಿಲ್ಟರ್ ಕಾಗದವನ್ನು ಬಸ್ಸಿನಲ್ಲಿ ಕಳಿಸಬಹುದು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಕೆಲಸದ ಸುರಕ್ಷತೆಗೆ ಸಂಬಂಧಿಸಿದ ಸಂಹಿತೆಯಂತೆ ಕಾರ್ಖಾನೆ ಎನ್ನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ ವಿದ್ಯುತ್ ಇದ್ದಲ್ಲಿ 20ಕ್ಕೆ, ಇಲ್ಲದಲ್ಲಿ 40ಕ್ಕೆ ಏರಿದೆ. ಹತ್ತು ಹದಿನೈದು ಜನರ ಬೇಳೆ ಮಿಲ್ಲುಗಳು ಇದರಿಂದ ಇನ್ನಷ್ಟು ದೂರ ಸರಿದವು. ಇದು ಹಿಂದಿನ ದೋಷವನ್ನು ದೊಡ್ಡದು ಮಾಡಿದ ಹೆಜ್ಜೆ ಎಂದು ಸ್ಪಷ್ಟವಾಗಿ ಹೇಳಬೇಕು. ಆದರೆ ಅದೇ ಸಂಹಿತೆ, ಅಪಾಯಕಾರಿ ಕೆಲಸವಾದರೆ ಒಬ್ಬನೇ ಕಾರ್ಮಿಕನಿದ್ದರೂ ತನ್ನ ನಿಯಮಗಳನ್ನು ಅನ್ವಯಿಸಲು ಸರ್ಕಾರಕ್ಕೆ ಅವಕಾಶ ಇಟ್ಟಿದೆ.

ಆ ಅವಕಾಶವನ್ನು ಬಳಸಿ ಎಂಬುದು ನನ್ನ ಬೇಡಿಕೆ. ಸತು ಕರಗಿಸುವ ಎರಕದ ಕೋಣೆಗಳನ್ನು, ಎಮೆರಿ ರೋಲಿನ ಬೇಳೆ ಮಿಲ್ಲುಗಳನ್ನು, ಕಲ್ಲು ಕ್ರಷರ್‌ಗಳನ್ನು ಅಪಾಯಕಾರಿ ಎಂದು ಅಧಿಸೂಚಿಸಬೇಕು. ದಂಡ ಹಾಕುವ ಅಧಿಕಾರಿಯ ಬದಲು ಮೊದಲು ಪಂಪ್ ಹಿಡಿದ ಹೈಜೀನಿಸ್ಟನನ್ನು ಕಳಿಸಬೇಕು. ಕುಶಲಕರ್ಮಿಗೆ ಪ್ರಶಸ್ತಿ, ಮಾರುಕಟ್ಟೆಗೆ ಕೊಡುವ ಹಣದಲ್ಲೇ ಒಂದು ಪಾಲನ್ನು ಹುಡ್ ಮತ್ತು ಹೊಗೆಕೊಳವೆಗೆ ತೆಗೆದಿಡಬೇಕು. ಅಳತೆಯಲ್ಲಿ ಬಂದ ಅಂಕಿಯನ್ನು ಕಡತದಲ್ಲಿ ಮುಚ್ಚಿಡದೆ ಕೆಲಸದ ಜಾಗದ ಬಾಗಿಲಲ್ಲಿ ಕನ್ನಡ, ಉರ್ದು, ಮರಾಠಿಯಲ್ಲಿ ಬರೆಸಬೇಕು.